ಸಾಲ ಮತ್ತು ಋಣ

ಊರಿಗೆ ಬಂದ ಮುಂಬಯಿಯವರ ಹತ್ತಿರ ಹಿರಿಯರು ಮೊದಲೆಲ್ಲ ಕೇಳುತ್ತಿದ್ದುದು ಒಂದೇ ಮಾತು. ನಮ್ಮ ಹುಡುಗನಿಗೆ ಅಲ್ಲೆಲ್ಲಾದರೂ ಒಂದು ಕೆಲಸ ನೋಡಬಹುದಾ? ಈಗ ಹಾಗೆ ಕೇಳುವವರು ಕಡಿಮೆ. ಹುಡುಗರು ತಮ್ಮ ಕೆಲಸ ತಾವೇ ಹುಡುಕಿಕೊಳ್ಳುತ್ತಾರೆ. ಈಗಿನ ಪ್ರಶ್ನೆ ಬೇರೆ ನಮೂನೆಯದು. ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುವಂಥದ್ದು. "ಮಗ ತಿಂಗಳಿಗೆ ಮೂವತ್ತೆರಡು ಸಾವಿರ ದುಡೀತಾನೆ. ಕುಡಿಯೋದಿಲ್ಲ, ಇಸ್ಪೀಟಿಲ್ಲ. ಆದ್ರೂ ಕೈಯಲ್ಲಿ ಕಾಸಿಲ್ಲ ಅಂತಾನೆ. ಎಂತ ಆಗಿರಬಹುದು ಮಾರಾಯ್ರೇ?"

ಎಷ್ಟೋ ಸಲ ಉತ್ತರ ಹುಡುಗನ ಪಾಕೀಟಿನೊಳಗೇ ಇರುತ್ತದೆ. ಹೆಬ್ಬೆರಳಿನ ದಪ್ಪವೂ ಇಲ್ಲದ ಪ್ಲಾಸ್ಟಿಕ್ಕಿನ ಒಂದು ತುಂಡು. ಕ್ರೆಡಿಟ್ ಕಾರ್ಡು ಕೆಟ್ಟದ್ದು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಉಪದೇಶ ಮಾಡಲು ನಾನು ಹೊರಟಿಲ್ಲ. ಸಾಲದ ಮೇಲೆ ಸರ್ವಜ್ಞ ಹೇಳಿದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮಾರ್ಕು ತೆಗೆದ ಹುಡುಗರೇ ಇವರೆಲ್ಲ. ತಿಂಗಳ ಕೊನೆಗೆ ಪೂರ್ತಿ ಬಿಲ್ಲು ಕಟ್ಟುವವನಿಗೆ ಕಾರ್ಡಿನಿಂದ ತೊಂದರೆಯಿಲ್ಲ, ಅನುಕೂಲವೇ ಉಂಟು. ನನ್ನನ್ನು ಕಾಡುವುದು ಅದರ ಮುಂದಿನ ಪ್ರಶ್ನೆ. ಕಟ್ಟಲಾಗದೆ ಸಿಕ್ಕಿಬಿದ್ದ ಇಪ್ಪತ್ತೈದರ ಹುಡುಗ ನಿಜವಾಗಿ ಯಾರಿಗೆ, ಎಷ್ಟು ಕೊಡಬೇಕು? ಬ್ಯಾಂಕಿನ ಕಾಗದದಲ್ಲಿ ಬರೆದಷ್ಟೂ ಅವನ ಧರ್ಮದ ಬಾಕಿಯೇ?

ನಮ್ಮ ಕುಂದಾಪುರದ ಕಡೆಯ ಹುಡುಗನೊಬ್ಬನ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ದೂರದ ನೆಂಟ, ನನ್ನನ್ನು ಮಾಮ ಎನ್ನುತ್ತಾನೆ. ಹೆಸರು ಬೇಡ. ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ, ಘನ್ಸೋಲಿಯಲ್ಲಿ ಮೂವರು ಸೇರಿ ಬಾಡಿಗೆ ಮನೆ. ಎರಡು ಕಾರ್ಡುಗಳಿದ್ದವು. ಒಂದರಲ್ಲಿ ಅವನು ಮಾಡಿದ ಖರ್ಚು 74 ಸಾವಿರ. ಮನೆಯ ಡಿಪಾಸಿಟ್ಟಿಗೆ ತನ್ನ ಪಾಲಿನ 30 ಸಾವಿರ, ಫೋನಿಗೆ 22, ಅಪ್ಪಯ್ಯನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಕಳಿಸಿದ್ದು 18, ಉಳಿದ ನಾಲ್ಕು ಸಾವಿರ ಚೌತಿಗೆ ಬಂದುಹೋದ ಖರ್ಚು. ಇದರಲ್ಲಿ ಮಜಾ ಉಡಾಯಿಸಿದ್ದು ಎಂದು ಯಾವುದನ್ನು ಕರೆಯುತ್ತೀರಿ? ಫೋನು ಸ್ವಲ್ಪ ಹೆಚ್ಚಾಯಿತು ಅನ್ನಬಹುದು, ಅಷ್ಟೆ.

ಇನ್ನು ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರೂವರೆ. ಮೂರೂವರೆ ಅಂದಾಗ ನಮ್ಮ ಕಿವಿಗೆ ದೊಡ್ಡದೆನಿಸುವುದಿಲ್ಲ, ವರ್ಷಕ್ಕೆ ನಲವತ್ತೆರಡು ಅಂದರೆ ಎದೆ ಧಸಕ್ಕೆನ್ನುತ್ತದೆ. 74 ಸಾವಿರಕ್ಕೆ ಮೊದಲ ತಿಂಗಳ ಬಡ್ಡಿ 2,590 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 466. ಒಟ್ಟು 3,056. ಬಿಲ್ಲಿನಲ್ಲಿ 'ಕಟ್ಟಬೇಕಾದ ಕನಿಷ್ಠ ಮೊತ್ತ' ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದು ಬಾಕಿಯ ನೂರಕ್ಕೆ ಐದು, ಅಂದರೆ 3,700. ಅಷ್ಟು ಕಟ್ಟಿದರೆ ಅಸಲಿಗೆ ಸಲ್ಲುವುದು 644 ರೂಪಾಯಿ. ಹುಡುಗ ಒಂದೂ ತಪ್ಪದಂತೆ ಮೂವತ್ತು ತಿಂಗಳು ಕನಿಷ್ಠ ಮೊತ್ತ ಕಟ್ಟಿದ. ಆ ಕಾರ್ಡನ್ನು ಮತ್ತೆ ಮುಟ್ಟಲೂ ಇಲ್ಲ. ಕಟ್ಟಿದ್ದು ಹತ್ತಿರ ಹತ್ತಿರ 97 ಸಾವಿರ. ಅಸಲು ಇಳಿದದ್ದು 57 ಸಾವಿರಕ್ಕೆ.

'ಕನಿಷ್ಠ' ಎಂಬ ಆ ಶಬ್ದದ ಮೇಲೆ ನನಗೆ ಸಿಟ್ಟಿದೆ. ಇಷ್ಟು ಕಟ್ಟಿದರೆ ನಿನ್ನ ಕರ್ತವ್ಯ ಮುಗಿಯಿತು ಎನ್ನುವ ದನಿ ಅದರಲ್ಲಿದೆ. ಶಿಸ್ತಿನ ಮನೆಯಲ್ಲಿ ಬೆಳೆದವನು, ಹೇಳಿದ್ದನ್ನು ಹೇಳಿದ ದಿನ ಮಾಡುವವನು, ಅದನ್ನು ನಂಬಿ ಹೆಚ್ಚು ಮೋಸಹೋಗುತ್ತಾನೆ. ಕನಿಷ್ಠ ಮೊತ್ತ ಕಟ್ಟಿಯೂ ಬಾಕಿ ಬೆಳೆಯುತ್ತಾ ಹೋಗುವಂತಿರಬಾರದು ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಹೇಳಿದೆ. ಹಾಗಾಗಿ ಅದು ಬೆಳೆಯುವುದಿಲ್ಲ. ಬಸವನಹುಳುವಿನ ಹಾಗೆ ಇಳಿಯುತ್ತದೆ.

ಮುಂಬಯಿಗೆ ನಮ್ಮವರು ಸಾಲ ಹೊತ್ತೇ ಬಂದವರು. ಇದು ಹೊಸತಲ್ಲ. ಹಿಂದೆ ಹೋಟೆಲಿಗೆ ಸೇರಿದ ಮಾಣಿಗಳು ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದವರು, ಅಕ್ಕನ ಮದುವೆಗೆ ಎಂದೋ ಮನೆಯ ಮಾಡಿಗೆ ಎಂದೋ ಧಣಿಗಳ ಹತ್ತಿರ ಮುಂಗಡ ತೆಗೆದುಕೊಳ್ಳುತ್ತಿದ್ದರು. ಧಣಿ ಪುಣ್ಯಾತ್ಮನೇ ಆಗಿರಬೇಕೆಂದಿಲ್ಲ. ಮುಂಗಡದ ಹೆಸರಿನಲ್ಲಿ ಹುಡುಗರನ್ನು ವರ್ಷಗಟ್ಟಲೆ ಕಟ್ಟಿಹಾಕಿದವರೂ ಇದ್ದರು. ಆದರೆ ಹಣ ಯಾಕೆ ಬೇಕು ಎಂದು ಧಣಿಗೆ ಗೊತ್ತಿತ್ತು, ಧಣಿಗೆ ಗೊತ್ತಾದದ್ದು ಮುಂದಿನ ಬಸ್ಸಿನಲ್ಲಿ ಊರಿಗೂ ಗೊತ್ತಾಗುತ್ತಿತ್ತು. ಹಾಗೆ ನಾಲ್ಕು ಜನರ ಕಿವಿಗೆ ಬಿದ್ದ ಸಾಲ ಒಂದು ಮಿತಿ ದಾಟಿ ಬೆಳೆಯುವುದು ಕಷ್ಟ. ಯಾರಾದರೊಬ್ಬರು ನಡುವೆ ಬಾಯಿ ಹಾಕುತ್ತಿದ್ದರು.

ನಮ್ಮ ಕರಾವಳಿಯಿಂದಲೇ ಎದ್ದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿದಾಗ ಏಜೆಂಟು ದಿನಾ ಬಾಗಿಲಿಗೆ ಬಂದು ಎರಡಾಣೆ ಪಡೆದುಹೋಗುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಇರಲಿ. ದಿನಾ ಬಾಗಿಲಿಗೆ ಬರುವ ಪಿಗ್ಮಿಯವನಿಗೆ ಯಾರ ಮನೆಯಲ್ಲಿ ಯಾಕೆ ಇವತ್ತು ಕಾಸಿಲ್ಲ ಎಂಬುದು ಗೊತ್ತಾಗದೆ ಹೋಗುತ್ತಿರಲಿಲ್ಲ. ಕಾರ್ಡು ಕೊಟ್ಟವನಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಅಡವಿಲ್ಲ, ಜಾಮೀನಿಲ್ಲ, ಮುಖ ನೋಡುವುದಿಲ್ಲ, ಯಾಕೆಂದು ಕೇಳುವುದಿಲ್ಲ. ಈ ಕೇಳದಿರುವಿಕೆಗೇ ನಲವತ್ತೆರಡರ ಬೆಲೆ ಎಂದು ನನಗನ್ನಿಸುತ್ತದೆ. ಪರಊರಿನಲ್ಲಿರುವ ಹುಡುಗನಿಗೆ ಮೊದಲಿಗೆ ಅದು ಮರ್ಯಾದೆಯ ಹಾಗೆ ಕಾಣುತ್ತದೆ. ಯಾರ ಮುಂದೂ ಕೈಯೊಡ್ಡಬೇಕಾಗಿಲ್ಲವಲ್ಲ!

"ಮನೆಯಲ್ಲಿ ಯಾಕೋ ಹೇಳಲಿಲ್ಲ?" ಎಂದು ನಾನು ಕೇಳಿದ್ದಕ್ಕೆ ಹುಡುಗ ಅಂದದ್ದಿಷ್ಟು. "ಹೇಳ್ರೆ ಅಮ್ಮ ಬಳಿ ತೆಗ್ದ್ ಕೊಡ್ತಿತ್ ಮಾಮ."

ಈ ಮಾತನ್ನು ನಾನು ಬಹಳ ದಿನ ತಿರುಗಿಸಿ ನೋಡಿದ್ದೇನೆ. ತಾಯಿಯ ಬಳೆ ಉಳಿಸಲು ಮಗ ಬಾಯಿ ಮುಚ್ಚಿಕೊಂಡ. ಒಳ್ಳೆಯ ಗುಣವೇ. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ. ಅಪ್ಪಯ್ಯನ ಕಣ್ಣಿಗೆ ಅವನು ಕಳಿಸಿದ ಹದಿನೆಂಟು ಸಾವಿರ ಕಾರ್ಡಿನಿಂದ ನಗದಾಗಿ ತೆಗೆದದ್ದು. ನಗದು ತೆಗೆದರೆ ಅದಕ್ಕೆ ಬೇರೆ ಶುಲ್ಕ, ಬಡ್ಡಿಗೆ ವಾಯಿದೆಯೇ ಇಲ್ಲ, ಅದೇ ದಿನದಿಂದ ಶುರು. ಊರಲ್ಲಿ ಎಲ್ಲರೂ ಮಗ ಕಳಿಸಿದ ದುಡ್ಡಿನಲ್ಲಿ ಆಪರೇಷನ್ ಆಯಿತು ಎಂದರು. ಅಪ್ಪಯ್ಯ ಹೊಸ ಕಣ್ಣಲ್ಲಿ ಪೇಪರು ಓದುತ್ತಿದ್ದರೆ ಹುಡುಗ ಇಲ್ಲಿ ಲೋಕಲ್ಲಿನಲ್ಲಿ ನಿಂತು ಬಡ್ಡಿಯ ಮೆಸೇಜು ಓದುತ್ತಿದ್ದ. ಊರಿನ ಸೊಸೈಟಿಯಲ್ಲಿ ಅದೇ ಹಣ ಬಂಗಾರದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಸಿಗುತ್ತಿತ್ತು. ತಾಯಿಯನ್ನು ಯಾವುದರಿಂದ ಕಾಪಾಡುತ್ತಿದ್ದೇನೆ ಎಂದು ಅವನು ತಿಳಿದಿದ್ದನೋ ಪಾರಾಗುವ ದಾರಿ ಅದೇ ಆಗಿತ್ತು.

ಇದರಲ್ಲಿ ಊರಿನವರ ಪಾಲೂ ಇದೆ ಎಂದರೆ ನೀವು ಬೇಸರಿಸಬಾರದು. ಮುಂಬಯಿಯಲ್ಲೋ ಪುಣೆಯಲ್ಲೋ ಇರುವ ಮಗ ಬಂದಾಗ ಏನು ತಂದ ಎಂದು ನೋಡುವವರು ನಾವು. ಅವನು ಬಾಡಿಗೆ ಎಷ್ಟು ಕೊಡುತ್ತಾನೆ ಎಂದು ಕೇಳುವುದು ಅಪರೂಪ. ಸಂಬಳ ಎಷ್ಟು ಎಂದು ಮಾತ್ರ ಎಲ್ಲರಿಗೂ ಗೊತ್ತು.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಹೇಳಿದರು. ಅನ್ನದ ಋಣ, ಮಣ್ಣಿನ ಋಣ ಎಂದು ನಾವು ಸೇರಿಸಿಕೊಂಡೆವು. ಇವು ಯಾವುದಕ್ಕೂ ಬಡ್ಡಿಯಿಲ್ಲ, ವಾಯಿದೆಯಿಲ್ಲ, ಪೂರ್ತಿ ತೀರಿಸಿದೆ ಎಂದು ರಶೀದಿ ಕೊಡುವವರೂ ಇಲ್ಲ. ಹುಟ್ಟಿದ ಮೇಲೆ ಬದುಕಿಯೇ ಸಲ್ಲಿಸಬೇಕು. ಸಾಲ ಬೇರೆ ಜಾತಿಯದು. ಇಷ್ಟು ತೆಗೆದುಕೊಂಡೆ, ಇಷ್ಟು ಕೊಡುತ್ತೇನೆ ಎಂಬ ಮಾತು, ಅಂಕಿಯಲ್ಲಿ ಮುಗಿಯುವಂಥದ್ದು. ಪರಊರಿನ ನಮ್ಮ ಹುಡುಗರಲ್ಲಿ ಇವೆರಡೂ ಅದಲುಬದಲಾಗಿವೆ ಎಂದು ನನ್ನ ಗುಮಾನಿ. ತಂದೆತಾಯಿಯ ಋಣವನ್ನು ತಿಂಗಳ ಕಂತಿನ ಹಾಗೆ ಕಳಿಸಿ ಮುಗಿಸಲು ನೋಡುತ್ತಾರೆ. ಬ್ಯಾಂಕಿನ ಸಾಲವನ್ನು ಋಣದ ಹಾಗೆ ಹೆಗಲ ಮೇಲೆ ಹೊತ್ತು, ನಾಚಿಕೆಪಟ್ಟು, ರಾತ್ರಿ ನಿದ್ದೆ ಬಿಡುತ್ತಾರೆ.

2023ರಲ್ಲಿ ಕಂಪನಿ ಅವನ ತಂಡವನ್ನೇ ಮನೆಗೆ ಕಳಿಸಿತು. ನಾಲ್ಕು ತಿಂಗಳು ಸಂಬಳವಿಲ್ಲ. ಬೇರೆ ಕೆಲಸ ಸಿಕ್ಕಿದ ಮೇಲೂ ಮೊದಲು ಬಾಕಿ ಬಾಡಿಗೆ ತೀರಿಸಬೇಕಾಯಿತು. ಒಟ್ಟು ಏಳು ತಿಂಗಳು ಕಾರ್ಡಿಗೆ ಏನೂ ಕಟ್ಟಲಿಲ್ಲ. 57 ಸಾವಿರ ಬಡ್ಡಿ, ತೆರಿಗೆ, ತಡದ ದಂಡ ಸೇರಿ 84 ಸಾವಿರವಾಯಿತು. ಆಮೇಲೆ ಫೋನುಗಳು. ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡಬಾರದು, ಮನೆಯವರ ಗೆಳೆಯರ ಮುಂದೆ ಮಾನ ಕಳೆಯಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ಸುತ್ತೋಲೆಯಿದೆ. ಅದು ಗೊತ್ತಿರುವವನು ಕರೆಯ ದಿನ, ಹೊತ್ತು ಬರೆದಿಟ್ಟು ದೂರು ಕೊಡಬಹುದು. ಹುಡುಗನಿಗೆ ಗೊತ್ತಿರಲಿಲ್ಲ. ಒಂದು ರಾತ್ರಿ ಎಂಟೂವರೆಗೆ ಊರಿನಲ್ಲಿ ಅವನ ತಾಯಿಯ ಫೋನಿಗೇ ಕರೆ ಹೋಯಿತು. ಅದೂ ಕನ್ನಡದಲ್ಲಿ. ಕನ್ನಡ ಬಲ್ಲ ಹುಡುಗನನ್ನೇ ಆ ಕೆಲಸಕ್ಕೆ ಇಟ್ಟಿದ್ದರು. ನಿಮ್ಮ ಮಗ ಕಳ್ಳ, ಪೊಲೀಸು ಬರುತ್ತಾರೆ ಎಂದನಂತೆ. ಬರೀ ಕಾರ್ಡಿನ ಬಾಕಿ ಕಟ್ಟಲಾಗಲಿಲ್ಲ ಎಂಬುದಕ್ಕೆ ಪೊಲೀಸು ಬರುವುದಿಲ್ಲ, ಅದು ಸಿವಿಲ್ ವ್ಯವಹಾರ. ಹಾಗೆ ಹೇಳಿದವನಿಗೂ ಗೊತ್ತಿರಬೇಕು. ಅವನೂ ಎಲ್ಲೋ ಹೊರಊರಲ್ಲಿ ಸಂಬಳಕ್ಕೆ ಕೂತ ನಮ್ಮದೇ ಹುಡುಗ. ಅವನ ಪಾಕೀಟಿನಲ್ಲಿ ಎಷ್ಟು ಕಾರ್ಡುಗಳಿದ್ದವೋ.

ಗುಟ್ಟು ಒಡೆದ ಮರುವಾರವೇ ಸಾಲ ಕರಗಲು ಶುರುವಾಯಿತು. ತಾಯಿ ಬಳೆ ತೆಗೆದುಕೊಂಡು ಸೊಸೈಟಿಗೆ ಹೋದರು. ಮಾರಲಿಲ್ಲ, ಅಡವಿಟ್ಟರು. ಅದರಲ್ಲಿ ಇನ್ನೊಂದು ಕಾರ್ಡಿನ 48 ಸಾವಿರ ಒಂದೇ ಏಟಿಗೆ ತೀರಿತು, ಆ ಕಾರ್ಡನ್ನೂ ಮುಚ್ಚಿಸಿದ. ಹುಡುಗ ತಿಂಗಳು ತಿಂಗಳು ಸೊಸೈಟಿಗೆ ಕಟ್ಟಿ ಹದಿನಾಲ್ಕು ತಿಂಗಳಲ್ಲಿ ಬಳೆ ಬಿಡಿಸಿದ. ತಾಯಿಯ ಬಂಗಾರದಿಂದ ಮಗನ ಸಾಲ ತೀರಿಸುವುದು ಸರಿಯೇ ಎಂದು ಕೆಲವರು ಕೇಳಿದರು. ನನಗೇನೂ ತಪ್ಪು ಕಾಣುವುದಿಲ್ಲ. ನಲವತ್ತೆರಡರ ಸಾಲವನ್ನು ಹತ್ತರ ಸಾಲವಾಗಿ ಬದಲಿಸಿದ್ದು ಅದು. ಬಳೆಯನ್ನು ಸುಮ್ಮನೆ ಕೊಟ್ಟುಬಿಟ್ಟಿದ್ದರೆ, ಹುಡುಗ ಮತ್ತೆ ಕಾರ್ಡು ಉಜ್ಜಿದ್ದರೆ, ಆ ಮಾತು ಬೇರೆ.

ಕಷ್ಟದ ಪ್ರಶ್ನೆ ಬಂದದ್ದು 84 ಸಾವಿರದ ಕಾರ್ಡಿನ ವಿಷಯದಲ್ಲಿ. ಬ್ಯಾಂಕಿನವರೇ ಕೇಳಿದರು. ಒಂದೇ ಗಂಟಿನಲ್ಲಿ 40 ಸಾವಿರ ಕಟ್ಟಿ, ಮುಗಿಸಿಬಿಡೋಣ. ಇದಕ್ಕೆ ಸೆಟಲ್‌ಮೆಂಟು ಎನ್ನುತ್ತಾರೆ. ಸಿಬಿಲ್ ದಾಖಲೆಯಲ್ಲಿ 'ಮುಚ್ಚಿದೆ' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಮುಂದೆ ಮನೆ ಸಾಲ ಕೇಳಲು ಹೋದರೆ ಆ ಒಂದು ಶಬ್ದ ವರ್ಷಗಟ್ಟಲೆ ಅಡ್ಡ ನಿಲ್ಲುತ್ತದೆ. ಹುಡುಗ ಒಪ್ಪಿದ. ಕಂಪನಿಯಲ್ಲಿ ಸಿಕ್ಕಿದ ಬೋನಸ್ಸು, ಕೆಲವು ಗೆಳೆಯರ ಹಣ ಸೇರಿಸಿ 40 ಸಾವಿರ ಕಟ್ಟಿದ. ತಾಯಿಗೆ ಸಮಾಧಾನವಾಗಲಿಲ್ಲ. "ತಕಂಡದ್ದ್ ಕೊಡ್ದೆ ಇಪ್ಪುಕಾಗ ಮಗಾ" ಎಂದರು. ಬಿಟ್ಟುಹೋದ 44 ಸಾವಿರ ಅವರ ಲೆಕ್ಕದಲ್ಲಿ ಬಾಕಿಯೇ.

ನನ್ನ ಭಾವನೂ ತಾಯಿಯ ಪಕ್ಷ. ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ಮುಂಬಯಿಯಲ್ಲೇ ನಿವೃತ್ತರಾದವರು. "ಅಲ್ಲ ಮಾರಾಯಾ, ಬ್ಯಾಂಕಿನ ದುಡ್ಡು ಅಂದ್ರೆ ಯಾರದ್ದು? ಬೀಡಿ ಕಟ್ಟಿದ ಹೆಂಗಸು ದಿನಾ ಪಿಗ್ಮಿಗೆ ಹಾಕಿದ್ದು. ಅದನ್ನ ಬಿಟ್ಟುಕೊಡೋಕೆ ಮ್ಯಾನೇಜರನಿಗೆ ಏನು ಅಧಿಕಾರ? ಉಳಿಸಿಕೊಳ್ಳೋಕೆ ನಿನ್ನ ಹುಡುಗನಿಗೆ ಏನು ಅಧಿಕಾರ?" ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ದೊಡ್ಡ ದೊಡ್ಡವರ ಸಾವಿರಾರು ಕೋಟಿ ಮುಳುಗುವುದಿಲ್ಲವೇ ಎಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ಅದು ನನಗೆ ರುಚಿಸುವುದಿಲ್ಲ. ಇನ್ನೊಬ್ಬನು ಕೊಡಲಿಲ್ಲ ಎಂಬುದರಿಂದ ನನ್ನ ಬಾಕಿ ಒಂದು ಪೈಸೆಯೂ ಇಳಿಯುವುದಿಲ್ಲ.

ಆದರೆ ಕಾನೂನು ಯಾರಿಗೆ ಬಾಗಿಲು ತೆರೆದಿಟ್ಟಿದೆ ಎಂಬುದನ್ನು ನೋಡಲೇಬೇಕು. ಕಂಪನಿಯೊಂದು ಸಾಲ ತೀರಿಸಲಾಗದೆ ಬಿದ್ದರೆ ಅದಕ್ಕೆ 2016ರ ದಿವಾಳಿ ಸಂಹಿತೆಯಿದೆ. ಸಾಲಗಾರರೆಲ್ಲ ಒಂದು ಕಡೆ ಕೂತು ಎಷ್ಟು ಬಿಡಬೇಕು ಎಂದು ಮರ್ಯಾದೆಯಿಂದ ತೀರ್ಮಾನಿಸುತ್ತಾರೆ. ಯಾರೂ ಕಂಪನಿಯ ತಾಯಿಗೆ ಫೋನು ಮಾಡುವುದಿಲ್ಲ. ಅದೇ ಸಂಹಿತೆಯ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರಿನಲ್ಲಿ ಜಾರಿಗೆ ತಂದಾಗ ಅದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅನ್ವಯವಾಯಿತು. ಸಂಬಳದ ಹುಡುಗ ಆ ಬಾಗಿಲಿನ ಹೊರಗೇ ಉಳಿದ.

ಬಡ್ಡಿಗೆ ಒಂದು ಮಿತಿ ಬೇಕೆಂಬ ಯೋಚನೆ ಹಳೆಯದು. ಹಿಂದೂ ಧರ್ಮಶಾಸ್ತ್ರದ ದಾಮದುಪ್ಪಟ್ಟಿನ ನಿಯಮ ಬ್ರಿಟಿಷರ ಕಾಲದಲ್ಲೂ ಇದೇ ಮುಂಬಯಿ ಪ್ರಾಂತ್ಯದ ಕೋರ್ಟುಗಳಲ್ಲಿ ನಡೆಯುತ್ತಿತ್ತು. ಒಂದು ಸಲಕ್ಕೆ ವಸೂಲಿ ಮಾಡುವ ಬಡ್ಡಿ ಅಸಲನ್ನು ಮೀರಬಾರದು. ನಾನು ಕೂತು ಲೆಕ್ಕ ಹಾಕಿ ನೋಡಿದೆ. ಅಸಲು 57, ಏರಿದ್ದು 27. ಆ ನಿಯಮವೂ ಹುಡುಗನ ನೆರವಿಗೆ ಬರುತ್ತಿರಲಿಲ್ಲ. ಮೊದಲು ಕಟ್ಟಿದ 97 ಸಾವಿರ ಅದರ ಲೆಕ್ಕಕ್ಕೆ ಬಾರದು. ಈಗಿನ ಕಾಲಕ್ಕೆ ಬಂದರೆ, ಕಾರ್ಡಿನ ಬಾಕಿಗೆ ವರ್ಷಕ್ಕೆ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬಡ್ಡಿ ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಅದನ್ನು ರದ್ದುಮಾಡಿತು. ಕರ್ನಾಟಕದಲ್ಲಿ ಮೀಟರ್ ಬಡ್ಡಿಯವರ ಮೇಲೆ 2004ರ ಕಾನೂನಿದೆ, ಅದು ಬ್ಯಾಂಕನ್ನು ಮುಟ್ಟುವುದಿಲ್ಲ. ಹಾಗಾಗಿ ನಲವತ್ತೆರಡು ಕಾನೂನಿನ ಪ್ರಕಾರ ಸರಿ. ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ ಬೇರೆ.

ನಾನು ಭಾವನಿಗೆ ಹೇಳಿದ್ದಿಷ್ಟು. ಕೆಲವರು ಕಟ್ಟಲಾರರು ಎಂದು ಗೊತ್ತಿದ್ದೇ ಎಲ್ಲರ ಮೇಲೂ ನಲವತ್ತೆರಡು ಹಾಕುತ್ತಾರೆ. ಬಾರದೆ ಹೋಗುವ ಹಣದ ಬೆಲೆಯನ್ನು ಮೂವತ್ತು ತಿಂಗಳು ಹುಡುಗ ಮುಂಗಡವಾಗಿಯೇ ತೆತ್ತಿದ್ದಾನೆ. 74 ತೆಗೆದುಕೊಂಡವನು 1 ಲಕ್ಷ 37 ಸಾವಿರ ಕೊಟ್ಟ. ಬೀಡಿ ಕಟ್ಟುವ ಹೆಂಗಸಿನ ಠೇವಣಿಗೆ ಬ್ಯಾಂಕು ಕೊಡುವ ಬಡ್ಡಿಯನ್ನೂ, ಇವನಿಂದ ಪಡೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆಕೆಯ ಹೆಸರನ್ನು ಇಲ್ಲಿ ಎಳೆದು ತರುವುದು ಸರಿಯಲ್ಲ. ಭಾವ ತಲೆಯಾಡಿಸಿದರು, ಒಪ್ಪಲಿಲ್ಲ. "ಹಾಗಾದ್ರೆ ಪೂರ್ತಿ ಕಟ್ಟಿದವನು ದಡ್ಡನಾ?" ಎಂದರು. ದಡ್ಡನಲ್ಲ. ಕಟ್ಟಬಲ್ಲವನು ಕಟ್ಟಲೇಬೇಕು. ಶಕ್ತಿಯಿದ್ದೂ ಏಳು ತಿಂಗಳು ಸುಮ್ಮನಿದ್ದು ಅರ್ಧಕ್ಕೆ ಮುಗಿಸುವವರು ಇದ್ದಾರೆ, ಹಾಗೆ ಮಾಡಿ ಎಂದು ಕಲಿಸುವವರೂ ಇದ್ದಾರೆ. ಅದು ಮೋಸವೇ. ಕಟ್ಟಲಾರದವನು ಇದ್ದದ್ದನ್ನು ಬಿಚ್ಚಿಟ್ಟು, ಕೊಟ್ಟವನು ಒಪ್ಪಿದಷ್ಟಕ್ಕೆ ಮುಗಿಸುವುದು ಮೋಸವಲ್ಲ. ಇವೆರಡರ ನಡುವೆ ಗೆರೆ ಎಲ್ಲಿ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ, ಬ್ಯಾಂಕಿಗಂತೂ ಇಲ್ಲ. ಅವನಿಗೆ ಮಾತ್ರ ಗೊತ್ತು.

ಹುಡುಗ ನಮ್ಮಿಬ್ಬರ ವಾದವನ್ನೂ ಕೇಳಿಸಿಕೊಂಡು ತನ್ನದೇ ಒಂದು ಲೆಕ್ಕ ಹಾಕಿದ. ಕಟ್ಟುವುದು ನಿಂತಾಗ ಅಸಲು 57 ಇತ್ತು, ಕೊಟ್ಟದ್ದು 40. ಬಡ್ಡಿ, ದಂಡ, ತೆರಿಗೆ ತನಗೆ ಸೇರಿದ್ದಲ್ಲ, ಆದರೆ ಅಸಲಿನ 17 ಸಾವಿರ ತಾನು ನಿಜವಾಗಿ ಉಂಡದ್ದು. ಎರಡು ವರ್ಷದ ನಂತರ ಕೈಯಲ್ಲಿ ಸ್ವಲ್ಪ ಹಣವಾದಾಗ ಬ್ಯಾಂಕಿಗೆ ಫೋನು ಮಾಡಿ ಹದಿನೇಳು ಸಾವಿರ ಕಟ್ಟುತ್ತೇನೆ ಎಂದ. ಆಚೆಯಿಂದ ಮಾತಾಡಿದ ಹುಡುಗಿಗೆ ಇದು ಅರ್ಥವೇ ಆಗಲಿಲ್ಲವಂತೆ. ಬಿಟ್ಟ 44 ಸಾವಿರ ಪೂರ್ತಿ ಕಟ್ಟುವುದಾದರೆ 'ಸೆಟಲ್ಡ್' ತೆಗೆದು 'ಮುಚ್ಚಿದೆ' ಎಂದು ಹಾಕಿಸಲು ಅರ್ಜಿ ಕೊಡಬಹುದು. ನಡುವಿನ ಮೊತ್ತ ತೆಗೆದುಕೊಳ್ಳಲು ಅವರ ಕಂಪ್ಯೂಟರಿನಲ್ಲಿ ಜಾಗವಿಲ್ಲ. ಮತ್ತೆ ಕೊನೆಯಲ್ಲಿ, ಸರ್, ನಿಮಗೆ ಹೊಸ ಕಾರ್ಡು ಬೇಕಾಗಿತ್ತೇ ಎಂದೂ ಕೇಳಿದಳಂತೆ.

ಆ ಹದಿನೇಳು ಸಾವಿರ ಈಗ ಅವನ ಹೆಸರಿನಲ್ಲಿ ಒಂದು ಎಫ್‌ಡಿಯಲ್ಲಿದೆ. ತಾಯಿ ದೇವಸ್ಥಾನಕ್ಕೆ ಕೊಡು ಎನ್ನುತ್ತಾರೆ. ನಾನು ಇರಲಿ ಬಿಡು, ಕಷ್ಟಕಾಲಕ್ಕಾಯಿತು, ಮತ್ತೆ ಕಾರ್ಡು ಉಜ್ಜುವುದು ತಪ್ಪುತ್ತದೆ ಎಂದೆ. ಭಾವ ಮಾತ್ರ ಇನ್ನೂ ಇಪ್ಪತ್ತೇಳು ಸಾವಿರ ಸೇರಿಸಿ ಬ್ಯಾಂಕಿಗೇ ಕಟ್ಟಲಿ ಎಂದು ಪಟ್ಟು ಹಿಡಿದಿದ್ದಾರೆ. ಹುಡುಗ ಯಾರಿಗೂ ಉತ್ತರ ಕೊಟ್ಟಿಲ್ಲ.